ಕಡಲಪಾಚಿಯ ಕ್ರೀಮು: ‘ಸಾವಯವ’ ಎಂಬ ಮಾತಿಗೆ ಸಾಕ್ಷಿ ಯಾರು?

ಅರಿಸಿನ, ಚಂದನ, ಲೋಳೆಸರಗಳ ಸಾಲಿಗೆ ಈಗ ಕಡಲಪಾಚಿಯೂ ಸೇರಿಕೊಂಡಿದೆ. ಮುಂಬಯಿಯ ಅಂಗಡಿಗಳಲ್ಲೂ ಪಾಚಿಯ ಹೆಸರು ಹೊತ್ತ ಕ್ರೀಮು, ಶಾಂಪೂ, ಫೇಸ್‌ಪ್ಯಾಕ್‌ಗಳು ದೊರೆಯುತ್ತವೆ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ, ‘ನ್ಯಾಚುರಲ್’, ‘ಆರ್ಗ್ಯಾನಿಕ್’ ಎಂಬ ಪದಗಳು. ಈ ಪದಗಳನ್ನು ನಂಬಿ ಹೆಚ್ಚಿನ ಬೆಲೆ ತೆರುವವರು ಅವುಗಳ ಹಿಂದಿನ ಸಾಕ್ಷಿ ಯಾರೆಂದು ಅರಿತಿರುವುದು ಒಳ್ಳೆಯದು.

ಸೌಂದರ್ಯವರ್ಧಕಗಳಿಗೆ ಪಾಚಿ ಹೊಸತೇನಲ್ಲ. ಕಂದು ಪಾಚಿಯಿಂದ ಆಲ್ಜಿನೇಟ್, ಕೆಂಪು ಪಾಚಿಯಿಂದ ಅಗರ್ ಮತ್ತು ಕ್ಯಾರಗೀನನ್ ದೊರೆಯುತ್ತವೆ. ಕ್ರೀಮು, ಟೂತ್‌ಪೇಸ್ಟ್‌ಗಳನ್ನು ಗಟ್ಟಿಯಾಗಿಸುವುದು ಇವುಗಳ ಕೆಲಸ. ಫ್ರಾನ್ಸಿನ ಬ್ರಿಟನಿ ಮತ್ತು ಐರ್ಲೆಂಡಿನ ಕರಾವಳಿಯಲ್ಲಿ ಪಾಚಿ ಕೊಯ್ಲು ಹಳೆಯ ಕಸುಬು.

ಐರೋಪ್ಯ ಒಕ್ಕೂಟದಲ್ಲಿ ಸೌಂದರ್ಯವರ್ಧಕಗಳ ಸುರಕ್ಷತಾ ಪರಿಶೀಲನೆ ಕಡ್ಡಾಯ. ಆದರೆ ಅಲ್ಲಿನ ಸಾವಯವ ಕಾನೂನು ಆಹಾರ, ಪಶು ಆಹಾರ, ಬೀಜ ಮುಂತಾದವುಗಳಿಗೆ ಸೀಮಿತ. ಹೀಗಾಗಿ ಪಾಚಿಯ ಬೆಳೆಗೆ ಸಾವಯವ ನಿಯಮವಿದ್ದರೂ ಅದೇ ಪಾಚಿ ಬೆರೆತ ಕ್ರೀಮಿಗೆ ಸರಕಾರದ ಸಾವಯವ ಮುದ್ರೆ ಸಿಗುವುದಿಲ್ಲ. ನಮ್ಮ ದೇಶದಲ್ಲೂ ‘ಜೈವಿಕ್ ಭಾರತ್’ ಲಾಂಛನವನ್ನು ರೂಪಿಸಿದ್ದು ಆಹಾರ ಪದಾರ್ಥಗಳಿಗೆ ಮಾತ್ರ.

ಈ ಕೊರತೆಯನ್ನು ತುಂಬಿರುವುದು ಖಾಸಗಿ ಸಂಸ್ಥೆಗಳ ಪ್ರಮಾಣಪತ್ರ. ಇದು ಕಡ್ಡಾಯವಲ್ಲ, ಉತ್ಪಾದಕರು ಸ್ವಇಚ್ಛೆಯಿಂದ ಪಡೆಯುವಂಥದ್ದು. ಫ್ರಾನ್ಸಿನ ಇಕೋಸರ್ಟ್ ಮತ್ತು ಕಾಸ್ಮೆಬಯೋ, ಜರ್ಮನಿಯ ಬಿಡಿಐಎಚ್, ಇಟಲಿಯ ಐಸಿಇಎ, ಇಂಗ್ಲೆಂಡಿನ ಸಾಯಿಲ್ ಅಸೋಸಿಯೇಶನ್ ಈ ಐದು ಸಂಸ್ಥೆಗಳು ಸೇರಿ ‘ಕಾಸ್ಮೋಸ್’ ಎಂಬ ಸಮಾನ ಮಾನದಂಡವನ್ನು ರೂಪಿಸಿದವು. 2017ರಿಂದ ಇವು ಹೊಸ ಉತ್ಪನ್ನಗಳಿಗೆ ಇದೇ ಮಾನದಂಡವನ್ನು ಅನ್ವಯಿಸುತ್ತಿವೆ. ‘ನೇಟ್ರೂ’ ಎಂಬ ಇನ್ನೊಂದು ಮುದ್ರೆಯೂ ಇದೆ.

ಕಾಸ್ಮೋಸ್‌ನಲ್ಲಿ ‘ನ್ಯಾಚುರಲ್’ ಮತ್ತು ‘ಆರ್ಗ್ಯಾನಿಕ್’ ಬೇರೆ ಬೇರೆ. ‘ನ್ಯಾಚುರಲ್’ ಮುದ್ರೆಗೆ ಸಾವಯವ ಅಂಶ ಇಷ್ಟೇ ಇರಬೇಕೆಂಬ ಮಿತಿಯಿಲ್ಲ. ‘ಆರ್ಗ್ಯಾನಿಕ್’ ಮುದ್ರೆಗಾದರೆ ರಾಸಾಯನಿಕವಾಗಿ ಮಾರ್ಪಡಿಸದ ಕೃಷಿಮೂಲದ ಘಟಕಗಳಲ್ಲಿ ಶೇ. 95 ಸಾವಯವವಾಗಿರಬೇಕು. ಜತೆಗೆ ಒಟ್ಟು ಉತ್ಪನ್ನದ ಕನಿಷ್ಠ ಶೇ. 20, ಶಾಂಪೂವಿನಂತೆ ತೊಳೆದು ಹೋಗುವ ವಸ್ತುವಾದರೆ ಶೇ. 10 ಸಾವಯವವಾಗಿರಬೇಕು. ಇಷ್ಟು ಕಡಿಮೆಯೇ ಎಂದು ಹುಬ್ಬೇರಿಸಬೇಕಾಗಿಲ್ಲ. ಕ್ರೀಮು, ಶಾಂಪೂಗಳಲ್ಲಿ ನೀರಿನದೇ ದೊಡ್ಡ ಪಾಲು, ನೀರನ್ನು ಸಾವಯವ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಪಾಚಿಯ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಅದು ಬೆಳೆದ ನೀರು. ಪಾಚಿ ತನ್ನ ಸುತ್ತಲಿನ ನೀರಿನಿಂದ ಪೋಷಕಾಂಶಗಳಂತೆಯೇ ಆರ್ಸೆನಿಕ್ ಮುಂತಾದ ಹಾನಿಕರ ವಸ್ತುಗಳನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಸಾವಯವ ಪಾಚಿಯನ್ನು ಮಾಲಿನ್ಯವಿಲ್ಲದ ಜಾಗದಿಂದಲೇ ತರಬೇಕು, ತಾನಾಗಿ ಬೆಳೆದ ಪಾಚಿಯನ್ನು ಮತ್ತೆ ಚಿಗುರಲು ಅವಕಾಶವಿರುವಷ್ಟೇ ಕೊಯ್ಯಬೇಕು ಎಂಬುದು ಐರೋಪ್ಯ ನಿಯಮ. ಇನ್ನು ಕುಲಾಂತರಿ ಘಟಕಗಳಿಗೆ, ಪ್ಯಾರಬೆನ್ ಸಂರಕ್ಷಕಗಳಿಗೆ ಕಾಸ್ಮೋಸ್‌ನಲ್ಲಿ ಅವಕಾಶವಿಲ್ಲ.

ಹಾಗೆಂದು ಮುದ್ರೆಯೇ ಸರ್ವಸ್ವವಲ್ಲ. ಮುದ್ರೆ ಇದ್ದ ಮಾತ್ರಕ್ಕೆ ಡಬ್ಬಿಯಲ್ಲಿ ಪಾಚಿ ಧಾರಾಳವಾಗಿದೆ ಎಂದರ್ಥವಲ್ಲ. ಸುಕ್ಕು ಮಾಯವಾಗುತ್ತದೆ, ಬಣ್ಣ ತಿಳಿಯಾಗುತ್ತದೆ ಎಂಬುದಕ್ಕೆ ಅದು ಖಾತರಿಯಲ್ಲ. ಸಾವಯವ ವಸ್ತುವಿನಿಂದಲೂ ಕೆಲವರಿಗೆ ಅಲರ್ಜಿಯಾಗಬಹುದು. ಇನ್ನೊಂದೆಡೆ, ತಪಾಸಣೆಯ ಖರ್ಚು ಭರಿಸಲಾಗದೆ ಮುದ್ರೆ ಪಡೆಯದ ಸಣ್ಣ ಉತ್ಪಾದಕನ ವಸ್ತು ಕಳಪೆ ಎನ್ನುವಂತೆಯೂ ಇಲ್ಲ.

ಬ್ಯಾಂಕಿನಲ್ಲಿ ಚೆಕ್ಕಿನ ಮೊತ್ತದ ಜತೆ ಸಹಿಯನ್ನೂ ತಾಳೆ ನೋಡುವಂತೆ ಗ್ರಾಹಕರು ಡಬ್ಬಿಯ ಹಿಂಭಾಗವನ್ನು ಓದಬೇಕು. ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು ಇದೆಯೇ? ಸಾವಯವ ಅಂಶ ಶೇಕಡಾ ಎಷ್ಟೆಂದು ಬರೆದಿದೆಯೇ? ಘಟಕಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು ಬರುತ್ತದೆ. ಪಾಚಿಯ ಹೆಸರು ಕೊನೆಯಲ್ಲಿದ್ದರೆ ಅದು ಹೆಸರಿಗಷ್ಟೇ ಇದೆ ಎಂದು ತಿಳಿಯಬಹುದು. ಆಮದು ಮಾಡಿದ ಸೌಂದರ್ಯವರ್ಧಕಗಳಿಗೆ ನಮ್ಮ ದೇಶದ 2020ರ ನಿಯಮಗಳ ಪ್ರಕಾರ ನೋಂದಣಿ ಕಡ್ಡಾಯವಾಗಿದ್ದು, ಸಾವಯವ ಮುದ್ರೆ ಅದಕ್ಕೆ ಬದಲಿಯಾಗದು.

ಸಂಘ-ಸಂಸ್ಥೆಗಳ ಮಹಿಳಾ ವಿಭಾಗಗಳು ತಮ್ಮ ಮುಂದಿನ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಈ ವಿಷಯಕ್ಕೂ ಅರ್ಧ ಗಂಟೆ ಮೀಸಲಿಟ್ಟರೆ ಹಲವರ ಹಣ ಉಳಿದೀತು, ಚರ್ಮವೂ ಉಳಿದೀತು.