ಪರೇಡಿನ ಡ್ರಮ್ಮು, ನಮ್ಮೂರ ಹಲಗಿ

ಇವತ್ತಿನ ಸಂಚಿಕೆ ಬ್ಯಾಂಡ್ ಬಗ್ಗೆ. ಮದುವಿ ಬ್ಯಾಂಡ್ ಅಲ್ರಿ, ಸಮವಸ್ತ್ರ ಹಾಕ್ಕೊಂಡು, ಬಾರಿಸ್ತಾ ಸಾಲಾಗಿ ನಡೆಯೋ ವಿದ್ಯಾರ್ಥಿಗಳ ಬ್ಯಾಂಡ್. ವಡಗೇರಾ, ಶಹಾಪುರ, ಸುರಪುರ ಕಡೆಯವರಿಗೆ ಪರೇಡ್ ಅಂದ್ರೆ ನೆನಪಾಗೋ ದಿನಗಳು ಜನವರಿ 26, ಆಗಸ್ಟ್ 15 ಮತ್ತು ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17.

ರೀಲ್ಸ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಬ್ಯಾಂಡ್ ನೋಡಿರ್ತೀರಿ. ನೂರಾರು ಹುಡುಗ-ಹುಡುಗಿಯರು ನಡೀತಾನೇ ಮೈದಾನದ ಮೇಲೆ ಅಕ್ಷರ ಬರೀತಾರೆ. ಅಲ್ಲಿ ಇದು ಬೆಳೆದಿದ್ದು ಫುಟ್‌ಬಾಲ್ ಜೊತೆಗೆ. 1907ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡ್ ಸೈನ್ಯದ ಸಾಲು ಬಿಟ್ಟು ಮೈದಾನದಲ್ಲಿ ‘ಪಿ’ ಅಕ್ಷರವಾಗಿ ನಿಂತಿತು. 1936ರಲ್ಲಿ ಓಹಾಯೊ ಸ್ಟೇಟ್ ಬ್ಯಾಂಡ್ ತನ್ನ ರಾಜ್ಯದ ಹೆಸರನ್ನೇ ಕೂಡಕ್ಷರದಲ್ಲಿ ಬರೆಯಿತು. ಆ ಪದ್ಧತಿ ಇವತ್ತಿಗೂ ನಡೆದಿದೆ.

ನಮ್ಮಲ್ಲಿ ದಾರಿ ಬೇರೆ. ಇಲ್ಲಿ ಕಾಲೇಜಿಗೆ ಬ್ಯಾಂಡ್ ಬಂದಿದ್ದು ಆಟದಿಂದಲ್ಲ, ಕವಾಯತಿನಿಂದ. ಬ್ರಿಟಿಷರ ಕಾಲದ ಯೂನಿವರ್ಸಿಟಿ ಟ್ರೇನಿಂಗ್ ಕೋರ್ ಜಾಗದಲ್ಲಿ 1948ರ ಜುಲೈನಲ್ಲಿ ಎನ್‌ಸಿಸಿ ಹುಟ್ಟಿತು. ಆಗ ನಮ್ಮ ಭಾಗ ಇನ್ನೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದು ಭಾರತಕ್ಕೆ ಸೇರಿದ್ದು ಎರಡು ತಿಂಗಳಾದ ಮೇಲೆ. ಇವತ್ತು ದೆಹಲಿಯ ಗಣರಾಜ್ಯೋತ್ಸವ ಪರೇಡಿನಲ್ಲಿ ಎನ್‌ಸಿಸಿ ಕೆಡೆಟ್‌ಗಳ ಬ್ಯಾಂಡ್ ಕೂಡ ಹೆಜ್ಜೆ ಹಾಕುತ್ತೆ.

ಈಗ ಅದರ ಲೆಕ್ಕ ನೋಡೋಣ. ‘ತೇಜ್ ಚಲ್’ ಅಂದ್ರೆ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಹೆಜ್ಜೆಗೆ ಅರ್ಧ ಸೆಕೆಂಡ್. ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವಾಗ ಎಡಗಾಲು ನೆಲ ಮುಟ್ಟಬೇಕು. ಆದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತೆ. ಬ್ಯಾಂಡಿನಿಂದ 50 ಮೀಟರ್ ದೂರ ಇರೋನಿಗೆ ಆ ಪೆಟ್ಟು 0.15 ಸೆಕೆಂಡ್ ತಡವಾಗಿ ಕೇಳುತ್ತೆ. ಅರ್ಧ ಸೆಕೆಂಡಿನ ಹೆಜ್ಜೆಯಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಹಿಂದಿನ ಸಾಲು ತಪ್ಪಿದಂಗೆ ಕಾಣೋದು ಇದಕ್ಕೇ, ಪಾಪ, ಅವರು ಕೇಳಿದ್ದಕ್ಕೆ ಸರಿಯಾಗೇ ನಡೀತಿರ್ತಾರೆ! ಮುಂದೆ ಒಬ್ಬರು ಉದ್ದನೆಯ ಕೋಲು ಎತ್ತಿ ಇಳಿಸ್ತಿರ್ತಾರಲ್ಲ, ಅವರು ಡ್ರಮ್ ಮೇಜರ್. ಕಿವಿಗಿಂತ ಕಣ್ಣಿಗೆ ಸಂದೇಶ ಬೇಗ ಮುಟ್ಟುತ್ತೆ, ಅದಕ್ಕೇ ಆ ಕೋಲು.

ನೂರು ಕಾಲು ಒಂದೇ ತಾಳಕ್ಕೆ ಎತ್ತಿಸೋ ಈ ಕೆಲಸ ನಮ್ಮೂರಿಗೆ ಹೊಸದಲ್ಲ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರಿಗೆ ಹೋದವರಿಗೆ ಡೊಳ್ಳು ಗೊತ್ತು. ಪಲ್ಲಕ್ಕಿ ಮುಂದೆ ಹಲಗಿ ಬಾರಿಸೋದನ್ನೂ ಕೇಳೀರಿ. ಬ್ಯಾಂಡ್ ಡ್ರಮ್ಮಿನ ಪ್ಲಾಸ್ಟಿಕ್ ಹೊದಿಕೆಯನ್ನ ತಿರುಪಿನಿಂದ ಬಿಗಿ ಮಾಡ್ತಾರೆ. ಹಲಗಿಯ ಚರ್ಮವನ್ನ ಬೆಂಕಿಗೆ ಹಿಡಿದು ಕಾಸಿ ಬಿಗಿ ಮಾಡ್ತಾರೆ.

ಆದರೆ ಮರ್ಯಾದೆ ಮಾತ್ರ ಎರಡಕ್ಕೂ ಒಂದೇ ಇಲ್ಲ. ಡ್ರಮ್ ಹಿಡಿದ ಕೆಡೆಟ್‌ಗೆ ಚಪ್ಪಾಳೆ, ಸರ್ಟಿಫಿಕೇಟ್. ಹಲಗಿ ಹಿಡಿದ ಕಾಕಾಗೆ ‘ದೂರ ನಿಂದ್ರು’ ಅನ್ನೋ ಮಾತು. ಡಂಗುರಕ್ಕೆ, ಸಾವಿಗೆ, ಜಾತ್ರಿಗೆ ಬಂದು ಬಾರಿಸಲೇಬೇಕು ಅಂತ ದಲಿತ ಮನೆತನಗಳ ಮೇಲೆ ಹೇರಿದ ಚಾಕರಿ ಅದು. ಎಷ್ಟೋ ಮನೆಗಳು ಹಲಗಿ ಕೆಳಗಿಟ್ಟಿದ್ದು ಅದಕ್ಕೇ, ಮತ್ತು ಆ ನಿರ್ಧಾರ ಸರಿಯಾಗೇ ಇತ್ತು. ಇನ್ನು ಕೆಲವರು ಅದನ್ನ ಕಲೆಯಾಗಿ ವೇದಿಕೆಗೆ ತಂದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ತಮಟೆ ನಮ್ಮ ಹಲಗಿಯ ಬಳಗದ್ದೇ ವಾದ್ಯ.

ನನ್ನ ಪ್ರಕಾರ ಎರಡರ ನಡುವಿನ ವ್ಯತ್ಯಾಸ ತಾಳದಲ್ಲಿಲ್ಲ. ಡ್ರಮ್ಮನ್ನ ವಿದ್ಯಾರ್ಥಿ ತಾನೇ ಆರಿಸ್ಕೊಂಡಿದ್ದು, ಹಲಗಿಯನ್ನ ಅವನ ಅಜ್ಜನ ಕೈಗೆ ಊರು ಕೊಟ್ಟಿದ್ದು. ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಜಾನಪದ ವಾದ್ಯವೃಂದ ಅನ್ನೋ ಸ್ಪರ್ಧೆ ಹೇಗೂ ಇದೆ. ಕಾಲೇಜು ಅದಕ್ಕೆ ತಯಾರಿ ಮಾಡೋವಾಗ ಊರಿನ ಹಲಗಿ ಉಸ್ತಾದರನ್ನ ಗುರುಗಳಾಗಿ ಕರೀಬೇಕು, ಗೌರವಧನ ಕೊಡಬೇಕು. ಯಾವ ಓಣಿಯ ಹುಡುಗ-ಹುಡುಗಿಯರು ಬೇಕಾದ್ರೂ ಕಲೀಬೇಕು. ಕಲಿಯಲ್ಲ ಅನ್ನೋರಿಗೆ ಬ್ಯಾಡ ಅನ್ನೋ ಹಕ್ಕೂ ಇರಬೇಕು.

ನಿಮ್ಮ ಕಾಲೇಜಿನ ಬ್ಯಾಂಡ್‌ನಲ್ಲಿ ಏನೇನು ಬಾರಿಸ್ತೀರಿ? ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣು, ಶರಣ್ರೀ.