ಮಿದುಳಿನಲ್ಲಿ ಬೀಡುಬಿಡುವ ಜ್ವರ

ವಿದುರಾಶ್ವತ್ಥವು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದಿತು. ಆ ಜಿಲ್ಲೆಯ ಮಕ್ಕಳನ್ನು ಜಪಾನೀ ಮಿದುಳುಜ್ವರವು ಬಹುಕಾಲ ಪೀಡಿಸಿತು. ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆಯು ಹಂದಿ, ಕೊಕ್ಕರೆಗಳ ರಕ್ತದಿಂದ ವೈರಾಣುವನ್ನು ಹೊತ್ತುತರುವುದು. ಜ್ವರವಿಳಿದೊಡನೆ ತಾಯಿಯು ಗಂಡಾಂತರ ಕಳೆಯಿತೆಂದು ನಂಬುವಳು. ಆದರೆ ಕೆಲವು ರೋಗಿಗಳ ನರಮಂಡಲದಲ್ಲಿ ವೈರಾಣುವು ವಾರಗಳು ಕಳೆದ ಮೇಲೂ ಅಡಗಿರುವುದೆಂದು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1993ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಅಮೆರಿಕದ ಆಂಬ್ರೋಸ್, ರವ್ಕುನ್ ಎಂಬ ವಿದ್ವಾಂಸರು ಹುಳುವೊಂದರಲ್ಲಿ ಮೈಕ್ರೋ ಆರ್.ಎನ್.ಎ.ಯ ಕಾರ್ಯವನ್ನು ಕಂಡರು. 2024ರಲ್ಲಿ ನೊಬೆಲ್ ಪಡೆದರು. ಸುಮಾರು 22 ಅಕ್ಷರಗಳ ಈ ತುಣುಕು ವ್ಯಾಕರಣದ ನಿಷೇಧಸೂತ್ರವಿದ್ದಂತೆ: ತಾನೇನನ್ನೂ ಕಟ್ಟದು, ಪ್ರೋಟೀನು ಕಟ್ಟುವುದನ್ನು ತಡೆಯುವುದು. ವೈರಾಣು ಹೊಕ್ಕಾಗ ಮಿದುಳಿನ ಕಾವಲುಕೋಶಗಳಲ್ಲಿ 29ಬಿ ಎಂಬ ತುಣುಕು ಹೆಚ್ಚಿ, ಉರಿಯೂತವನ್ನು ಶಮನಗೊಳಿಸುವ ಪ್ರೋಟೀನನ್ನೇ ಕುಗ್ಗಿಸುವುದೆಂದು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದವರು 2014ರಲ್ಲಿ ತೋರಿಸಿದರು. ಅದನ್ನು ತಡೆಯಲಾಗಿ ಉರಿಯೂತ ತಗ್ಗಿತು. ಇದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಾತು. ಮಗುವಿಗೆ ಈಗಲೂ ಲಸಿಕೆಯೇ ರಕ್ಷೆ.