ಶಾಲೆ ಉಳಿಸುವ ಕಥೆ, ರೈಲು ಉಳಿಸುವ ಕಥೆ: ಬ್ರಿಟಿಷ್ ಹಾಸ್ಯಚಿತ್ರಗಳ ಪಕ್ಕದಲ್ಲಿ ಕಾಸರಗೋಡಿನ ಒಂದು ಸಿನಿಮಾ

ನನ್ನ ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂದ್ಕೊಳ್ತೇನೆ. ಮಳೆ ಜೋರಿದೆ, ನಡುವೆ ನೆಟ್‌ವರ್ಕ್ ಹೋದರೆ ದಯವಿಟ್ಟು ಕ್ಷಮಿಸಬೇಕು.

ನನ್ನ ವಿಷಯ ಬ್ರಿಟಿಷ್ ಹಾಸ್ಯಚಿತ್ರಗಳ ವಿಚಿತ್ರ ಕಥಾವಸ್ತು. ಕನ್ನಡ ಎಂ.ಎ. ಮಾಡುವವಳಿಗೆ ಲಂಡನಿನ ಸಿನಿಮಾ ಯಾಕೆ ಅಂತ ಕೆಲವರು ಕೇಳಿದರು. ಅಲ್ಲಿನ ಎರಡು ಹಳೆಯ ಸಿನಿಮಾ ನೋಡುವಾಗ ನನಗೆ ನೆನಪಾದದ್ದು ಕಾಸರಗೋಡು. ಆ ನೆನಪಿಗೆ ಕಾರಣ ಏನು ಅನ್ನುವುದೇ ಈ ಪ್ರಬಂಧ.

ಎರಡನೇ ಮಹಾಯುದ್ಧದ ನಂತರ, ಲಂಡನಿನ ಈಲಿಂಗ್ ಸ್ಟುಡಿಯೋದಲ್ಲಿ ಮೈಕೇಲ್ ಬಾಲ್ಕನ್ ಅವರ ಮೇಲ್ವಿಚಾರಣೆಯಲ್ಲಿ ಕೆಲವು ಹಾಸ್ಯಚಿತ್ರಗಳು ತಯಾರಾದವು. ಇವುಗಳ ಕಥೆ ಸಾಮಾನ್ಯವಾಗಿ ಹೀಗಿರ್ತದೆ: ಆರಂಭದಲ್ಲಿ ನಂಬಲಾಗದ ಒಂದೇ ಒಂದು ಸಂಗತಿ ನಡೆಯುತ್ತದೆ. ಆಮೇಲೆ ಎಲ್ಲವೂ ಕ್ರಮಬದ್ಧ. ಪಾತ್ರಗಳು ಜೋಕ್ ಹೇಳುವುದಿಲ್ಲ, ಬಹಳ ಗಂಭೀರವಾಗಿ ತಮ್ಮ ಕೆಲಸ ಮಾಡುತ್ತವೆ. ನಗು ನಮಗೆ ಬರ್ತದೆ, ಅವರಿಗಲ್ಲ.

1949ರ 'ಪಾಸ್‌ಪೋರ್ಟ್ ಟು ಪಿಮ್ಲಿಕೊ' ನೋಡಿ. ಟಿ.ಇ.ಬಿ. ಕ್ಲಾರ್ಕ್ ಬರೆದದ್ದು, ನಿರ್ದೇಶಕ ಹೆನ್ರಿ ಕಾರ್ನೀಲಿಯಸ್. ಯುದ್ಧಕಾಲದ ಒಂದು ಬಾಂಬು ತಡವಾಗಿ ಸಿಡಿಯುತ್ತದೆ. ಆ ಗುಂಡಿಯಲ್ಲಿ ನಿಧಿ ಸಿಗುತ್ತದೆ, ಜೊತೆಗೆ ಹಳೆಯ ದಾಖಲೆಯೊಂದು. ಅದರ ಪ್ರಕಾರ ಆ ಬೀದಿ ಇಂಗ್ಲೆಂಡಿಗೆ ಸೇರಿದ್ದೇ ಅಲ್ಲ, ಬರ್ಗಂಡಿಗೆ ಸೇರಿದ್ದು! ಹಾಗಾದರೆ ಇಂಗ್ಲೆಂಡಿನ ರೇಶನ್ ಕಾನೂನು ಇಲ್ಲಿ ನಡೆಯುವುದಿಲ್ಲ. ಬ್ರಿಟನಿನಲ್ಲಿ ರೇಶನ್ ಪೂರ್ತಿ ನಿಂತದ್ದು 1954ರಲ್ಲಿ, ಹಾಗಾಗಿ ಅಂದಿನ ಪ್ರೇಕ್ಷಕರಿಗೆ ಇದು ಹೊಟ್ಟೆಯ ವಿಷಯವೇ ಆಗಿತ್ತು. ಸರಕಾರ ಬೀದಿಯ ಸುತ್ತ ಬೇಲಿ ಹಾಕುತ್ತದೆ. ಅಧಿಕಾರಿಗಳು ಈ ಕಡತವನ್ನು ಒಂದು ಇಲಾಖೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಇರುತ್ತಾರೆ. ಬೇಲಿಯ ಆಚೆಯ ಲಂಡನಿನ ಜನ ಒಳಗಿನವರಿಗೆ ತಿಂಡಿಯ ಪೊಟ್ಟಣ ಎಸೆಯುತ್ತಾರೆ.

ಒಂದು ಕಾಗದದಿಂದ ಜನ ಬೇರೆ ಊರಿನವರಾಗುವುದು ಲಂಡನಿನವರಿಗೆ ವಿಚಿತ್ರ ಕಲ್ಪನೆ. ನಮಗೆ ಅದು ಚರಿತ್ರೆ. 1956ರ ಅಕ್ಟೋಬರ್ 31ರ ರಾತ್ರಿ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಲಗಿದ ಕಾಸರಗೋಡು ತಾಲೂಕಿನ ಜನ ಮರುದಿನ ಕೇರಳದಲ್ಲಿ ಎದ್ದರು. ಮನೆ ಅದೇ, ಬಾವಿ ಅದೇ, ತೋಟ ಅದೇ. ಮುಂದೆ ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕು ಎಂದಿತು. ಪಿಮ್ಲಿಕೊದಲ್ಲಿ ಸಿಕ್ಕಿದ ಕಾಗದ ಊರನ್ನೇ ಅಲ್ಲಾಡಿಸಿತು, ನಮಗೆ ಸಿಕ್ಕಿದ ಕಾಗದ ಕಡತದಲ್ಲೇ ಉಳಿಯಿತು.

ಎರಡನೆಯದು 1953ರ 'ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್'. ಬರೆದವರು ಕ್ಲಾರ್ಕ್ ಅವರೇ, ನಿರ್ದೇಶನ ಚಾರ್ಲ್ಸ್ ಕ್ರೈಟನ್. ಹಳ್ಳಿಯೊಂದರ ರೈಲು ಮಾರ್ಗ ಲಾಭ ಇಲ್ಲ ಅಂತ ಮುಚ್ಚುತ್ತಾರೆ. ಊರವರು ತಾವೇ ನಡೆಸುತ್ತೇವೆ ಎಂದು ಹೊರಡುತ್ತಾರೆ. ಚರ್ಚಿನ ಪಾದ್ರಿಯೇ ರೈಲು ಚಾಲಕ. ಹಣ ಹಾಕುವ ಶ್ರೀಮಂತನಿಗೆ ಒಂದೇ ಆಸೆ, ಓಡುವ ರೈಲಿನಲ್ಲಿ ಬೆಳಿಗ್ಗೆಯೇ ಬಾರ್ ತೆರೆಯಬಹುದು! ಬಸ್ಸಿನ ಮಾಲಕರು ಮಾಡಬಾರದ್ದನ್ನೆಲ್ಲ ಮಾಡುತ್ತಾರೆ. ಕೊನೆಗೆ ಮ್ಯೂಸಿಯಮ್ಮಿನ ಹಳೆಯ ಎಂಜಿನ್ ತಂದು ಪರೀಕ್ಷೆಗೆ ನಿಲ್ಲಿಸುತ್ತಾರೆ. ರೈಲು ಸುಮಾರು ಹತ್ತು ನಿಮಿಷ ತಡವಾಗಿ ತಲುಪುತ್ತದೆ, ಎಲ್ಲ ಮುಗಿಯಿತು ಅಂದ್ಕೊಳ್ಳುವಾಗ ಗೊತ್ತಾಗುವುದು: ಇನ್ನೂ ಬೇಗ ಬಂದಿದ್ದರೆ ಇಂಥ ಮಾರ್ಗಕ್ಕಿರುವ ಗಂಟೆಗೆ 25 ಮೈಲಿಯ ಮಿತಿ ಮೀರಿ ಅನುಮತಿಯೇ ಸಿಗ್ತಿರಲಿಲ್ಲ.

ಇಲ್ಲಿ ಈಲಿಂಗ್ ಹಾಸ್ಯದ ಗುಟ್ಟು ಸಿಗ್ತದೆ ಅಂತ ನನ್ನ ಅಭಿಪ್ರಾಯ. ಸಣ್ಣ ಜನ ಸರಕಾರದ ವಿರುದ್ಧ ಕಲ್ಲು ಎಸೆಯುವುದಿಲ್ಲ. ಸರಕಾರದ ಪುಸ್ತಕವನ್ನೇ ಕೈಯಲ್ಲಿ ಹಿಡಿದು, ಅದರಲ್ಲಿ ಬರೆದದ್ದನ್ನು ಅಕ್ಷರಶಃ ಪಾಲಿಸಿ ಅನ್ನುತ್ತಾರೆ. ಆಗ ಎಡವುವುದು ಸರಕಾರ.

ಈಗ ನಮ್ಮ ಸಿನಿಮಾಕ್ಕೆ ಬರೋಣ. 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ'. 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರ ಅಂತ ಪುರಸ್ಕಾರ ಪಡೆದದ್ದು. ಹೆಸರೇ ಒಂದು ತಮಾಷೆ. ನಮ್ಮ ಕಡೆ ಶಾಲೆಯ ಗೋಡೆ, ಬಸ್ ಸ್ಟಾಪ್, ಫ್ಯಾನಿನ ರೆಕ್ಕೆ, ಎಲ್ಲದರ ಮೇಲೂ 'ಕೊಡುಗೆ' ಅಂತ ಒಂದು ಹೆಸರು ಇರ್ತದಲ್ವಾ? ಸರಕಾರಿ ಶಾಲೆ ನಿಂತಿರುವುದು ಊರವರ ಕೊಡುಗೆಯಿಂದ ಅನ್ನುವುದನ್ನು ಬೋರ್ಡೇ ಹೇಳ್ತದೆ.

ಕಥೆ ಟಿಟ್‌ಫೀಲ್ಡಿನ ಹಾಗೆಯೇ. ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತದ ಮಾಸ್ಟ್ರು ಬರುತ್ತಾರೆ, ಆಮೇಲೆ ಶಾಲೆಯೇ ಮುಚ್ಚುತ್ತದೆ. ಮಕ್ಕಳು ಮೈಸೂರಿಗೆ ಹೋಗಿ ಅನಂತನಾಗ್ ಅವರ ಅನಂತಪದ್ಮನಾಭ ಪಾತ್ರವನ್ನು ಕರೆತರುತ್ತಾರೆ, ಕೋರ್ಟಿನಲ್ಲಿ ಶಾಲೆ ಉಳಿಯುತ್ತದೆ. ಮೊದಲರ್ಧದಲ್ಲಿ ಪ್ರಕಾಶ್ ತೂಮಿನಾಡು ಅವರ ಭುಜಂಗ ಪಾತ್ರ ನೋಡುವಾಗ ನನಗೆ ತೆಂಕುತಿಟ್ಟಿನ ಹಾಸ್ಯಗಾರರ ನೆನಪಾಯಿತು. ಯಕ್ಷಗಾನದಲ್ಲಿ ರಾಜನಿಗೆ ಎದುರು ಪ್ರಶ್ನೆ ಕೇಳುವ ಸಲುಗೆ ಇರುವುದು ಹಾಸ್ಯಗಾರನಿಗೆ ಮಾತ್ರ.

ಆದರೆ ಎರಡು ಕಡೆ ಈ ಸಿನಿಮಾ ಈಲಿಂಗ್ ದಾರಿ ಬಿಡುತ್ತದೆ. ಒಂದು, ಟಿಟ್‌ಫೀಲ್ಡಿನಲ್ಲಿ ರೈಲು ಉಳಿಸಿದವರು ಊರವರೇ. ಇಲ್ಲಿ ವಾದಿಸಲು ಗಡಿಯಾಚೆಯಿಂದ ಹಿರಿಯರು ಬರಬೇಕಾಯಿತು. ಮಕ್ಕಳು ತಾವೇ ಹೋಗಿ ಕರೆತಂದರು ಅನ್ನುವುದು ನಿಜ, ಅದು ಸಿನಿಮಾದ ಒಳ್ಳೆಯ ಗುಣ. ಆದರೂ ಕೊನೆಯ ಭಾಷಣ ಬಂದಾಗ ನಗು ನಿಂತು ಚಪ್ಪಾಳೆ ಶುರುವಾಗ್ತದೆ. ಆ ಚಪ್ಪಾಳೆ ಬೆಂಗಳೂರಿನ ಥಿಯೇಟರಿನದ್ದೋ, ನಮ್ಮದೋ ಅಂತ ನನಗೆ ಅನುಮಾನ.

ಎರಡನೆಯದು ಹೆಚ್ಚು ಮುಖ್ಯ. ಪಿಮ್ಲಿಕೊದ ಅಧಿಕಾರಿಗಳು ದುಷ್ಟರಲ್ಲ, ಗಲಿಬಿಲಿಯಾದವರು. ನಮ್ಮ ಸಿನಿಮಾದಲ್ಲಿ ಮಲಯಾಳಿ ಮಾಸ್ಟ್ರೇ ನಗೆಪಾಟಲು. ಇಲ್ಲಿ ನನ್ನ ಅನುಭವ ಹೇಳಬೇಕು. ನಾನು ಕಲಿತ ಕನ್ನಡ ಮೀಡಿಯಂ ಶಾಲೆಗೂ ಒಮ್ಮೆ ಹಾಗೆ ಒಬ್ಬರು ಬಂದಿದ್ದರು. ಮಲಯಾಳ ಬಲ್ಲ ಒಬ್ಬ ಹುಡುಗ ದುಭಾಷಿ ಆದ. ಮಾಸ್ಟ್ರು ಎರಡು ನಿಮಿಷ ವಿವರಿಸಿದ್ದನ್ನು ಅವ ಎರಡು ಶಬ್ದದಲ್ಲಿ ಹೇಳ್ತಿದ್ದ, ಕ್ಲಾಸಿಡೀ ನಗ್ತಿತ್ತು. ಆ ವರ್ಷ ನನಗೆ ಭಿನ್ನರಾಶಿ ತಲೆಗೆ ಹತ್ತಲೇ ಇಲ್ಲ, ಹೈಸ್ಕೂಲಿನವರೆಗೂ ಅದರ ಹೆದರಿಕೆ ಬಿಡಲಿಲ್ಲ. ವರ್ಷಾಂತ್ಯದಲ್ಲಿ ಅವರೇ ಹೇಳಿದ್ದರು, 'ಮಕ್ಕಳೇ, ಎನಗೆ ಕನ್ನಡ ಗೊತ್ತಿಲ್ಲ, ನಿಮಗೆ ಲೆಕ್ಕ ಗೊತ್ತಾಗಲಿಲ್ಲ' ಅಂತ. ಅಷ್ಟು ಕನ್ನಡ ಅವರು ನಮ್ಮಿಂದಲೇ ಕಲಿತದ್ದು. ಅವರನ್ನು ಅಲ್ಲಿಗೆ ಕಳಿಸಿದ ಆದೇಶ ನಗೆಪಾಟಲಾಗಬೇಕಿತ್ತು, ಅವರಲ್ಲ.

ಕನ್ನಡ ಬಾರದ ಅಧ್ಯಾಪಕರ ನೇಮಕದ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಮಕ್ಕಳು, ಹೆತ್ತವರು ಬೀದಿಗೆ ಇಳಿದದ್ದುಂಟು, ಕೋರ್ಟಿಗೆ ಹೋದದ್ದೂ ಉಂಟು. ಅವರ ಕೈಯಲ್ಲೂ ಸರಕಾರದ್ದೇ ಪುಸ್ತಕ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು ಏಳನೇ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ಅಂದರೆ ನಮ್ಮ ಮೇಲೆ ಗಡಿ ಗೆರೆ ಬಿದ್ದ ದಿನವೇ ನಮಗೆ ಈ ಮಾತನ್ನೂ ಕೊಟ್ಟರು. ಗೆರೆ ಅಂದಿನಿಂದ ಒಂದು ದಿನವೂ ತಪ್ಪದೆ ಪಾಲನೆಯಾಗ್ತಾ ಉಂಟು, ಮಾತಿನ ವಿಷಯದಲ್ಲಿ ಇನ್ನೂ 'ಪ್ರಯತ್ನ' ನಡೀತಾ ಉಂಟು.

ಇದನ್ನು ಕ್ಲಾರ್ಕ್ ಅವರ ಕೈಗೆ ಕೊಟ್ಟಿದ್ದರೆ ಪೂರ್ತಿ ಸಿನಿಮಾ ಆಗ್ತಿತ್ತು. ಪಿಮ್ಲಿಕೊದವರು ಕೊನೆಗೆ ಇಂಗ್ಲೆಂಡಿಗೆ ಮರಳಿದರು, ನಾವು ಇರುವ ಕಡೆಯೇ ಇರುವವರು. ಮಲಯಾಳಿ ನೆರೆಮನೆಯವರ ಜೊತೆಗೇ ಬದುಕಬೇಕು. ಹಾಗಾಗಿ ಅವರೂ ನಮ್ಮ ಜೊತೆ ಕೂತು ನಗಬಹುದಾದ ಹಾಸ್ಯ ನಮಗೆ ಬೇಕು, ಆ ಕಥೆ ಬರೆಯುವವರು ಇಲ್ಲಿಂದಲೇ ಬರಬೇಕು ಅಂತ ಹೇಳಿ ಮುಗಿಸ್ತೇನೆ. ಪ್ರಶ್ನೆಗಳಿದ್ದರೆ ಕೇಳಬಹುದು.